ಲ್ಯಾಬ್‌ನ ಬ್ರೌಸರ್‌ಗಳಲ್ಲಿ ಕೆರೆಗಳ ಲೆಕ್ಕ: ಒಂದು ಪ್ರಕರಣ ಅಧ್ಯಯನ

ಇದು ಉತ್ತರ ಕರ್ನಾಟಕದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ 2023ರಲ್ಲಿ ನಡೆದ ಕೆಲಸ. ಕಾಲೇಜು ಯಾವುದು, ಊರು ಯಾವುದು, ಯಾರು ಏನು ಮಾಡಿದರು ಅನ್ನುವುದನ್ನು ಹೆಸರಿಟ್ಟು ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ತಾಂತ್ರಿಕ ವಿಷಯಗಳನ್ನು ಮುಟ್ಟಿಲ್ಲ. ಸರ್ವರ್ ಕಡೆಯ ಕೆಲಸಕ್ಕೆ ನಾನು ಆ ಗುಂಪಿನ ಜೊತೆಗಿದ್ದೆ.

ಲೆಕ್ಕ ಯಾವುದು

ಸಿವಿಲ್ ವಿಭಾಗದ ಒಬ್ಬ ಪ್ರಾಧ್ಯಾಪಕರ ಹತ್ತಿರ ಒಂದು ಕೆರೆ ಸರಣಿಯ ಮಾದರಿ ಇತ್ತು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ. ಪ್ರತಿ ಕೆರೆಗೂ ದಿನದಿನದ ಲೆಕ್ಕ: ಎಷ್ಟು ಮಳೆ ಬಂತು, ಎಷ್ಟು ಆವಿಯಾಯಿತು, ಎಷ್ಟು ಇಂಗಿತು, ತೂಬಿನಿಂದ ಅಚ್ಚುಕಟ್ಟಿಗೆ ಎಷ್ಟು ಹೋಯಿತು. ಮಳೆಯ ಅಂಕಿ ಭಾರತೀಯ ಹವಾಮಾನ ಇಲಾಖೆಯ 0.25 ಡಿಗ್ರಿ ಚೌಕಗಳ ದೈನಂದಿನ ದತ್ತಾಂಶದಿಂದ ಬರುತ್ತಿತ್ತು. ಮಾದರಿ ಹಳೇ ಪ್ರೋಗ್ರಾಮಿಂಗ್ ಭಾಷೆ ಫೋರ್ಟ್ರಾನ್ 77ರಲ್ಲಿತ್ತು.

ತೊಂದರೆ ಏನೆಂದರೆ, ಇಂಗುವ ಪ್ರಮಾಣ ಯಾರಿಗೂ ಗೊತ್ತಿಲ್ಲ. ಹೂಳು ಎಷ್ಟಿದೆ ಅನ್ನುವುದೂ ಅಂದಾಜೇ. ಹಾಗಾಗಿ ಈ ಸಂಖ್ಯೆಗಳನ್ನು ಸಾವಿರಾರು ರೀತಿಯಲ್ಲಿ ಬದಲಿಸಿ, ಪ್ರತಿ ಸಲವೂ ಮೂವತ್ತು ವರ್ಷದ ಮಳೆಯನ್ನು ಮಾದರಿಯೊಳಗೆ ಹರಿಸಿ, ಬಂದ ಉತ್ತರವನ್ನು ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ಕಾಣುವ ನೀರಿನ ಹರವಿನ ಜೊತೆ ಹೋಲಿಸಬೇಕು. ಒಂದು ಓಟಕ್ಕೆ ಕೆಲವು ನಿಮಿಷ. ಆದರೆ ಓಟಗಳು ಸಾವಿರಾರು. ಪ್ರಾಧ್ಯಾಪಕರ ಮೇಜಿನ ಮೇಲಿನ ಒಂದೇ ಯಂತ್ರದಲ್ಲಿ ಇದನ್ನು ಮುಗಿಸುವುದು ತಿಂಗಳುಗಟ್ಟಲೆ ಕೆಲಸ.

ಅನುಕೂಲದ ವಿಷಯ ಒಂದಿತ್ತು. ಒಂದು ಓಟಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಯಾವುದು ಮೊದಲು ಮುಗಿದರೂ ಆಯಿತು. ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್‌ಗಳು ಬೇಕಾದಷ್ಟಿದ್ದವು. ಸಂಜೆ ಐದರ ನಂತರ ಅವು ಸುಮ್ನೆ ಕೂತಿರುತ್ತಿದ್ದವು.

ಮೊದಲ ಪ್ರಯತ್ನ ಏಕೆ ನಿಂತಿತು

ಮೊದಲು ಒಬ್ಬ ಎಂ.ಟೆಕ್ ವಿದ್ಯಾರ್ಥಿ ಎಂಪಿಐ ಬಳಸಿದ. ಹಲವು ಯಂತ್ರಗಳು ಒಂದಕ್ಕೊಂದು ಸಂದೇಶ ಕಳಿಸುತ್ತ ಒಟ್ಟಿಗೆ ಲೆಕ್ಕ ಮಾಡಲು 1994ರಿಂದಲೂ ಇರುವ ಮಾನದಂಡ ಅದು. ಪಠ್ಯದಲ್ಲೂ ಇದೆ. ಒಂದೇ ಲ್ಯಾಬ್‌ನ ಕೆಲವು ಯಂತ್ರಗಳಲ್ಲಿ ಚೆನ್ನಾಗಿಯೇ ಓಡಿತು. ಪಕ್ಕದ ಲ್ಯಾಬ್ ಸೇರಿಸಲು ಹೋದಾಗ ಮುಖ್ಯ ಯಂತ್ರಕ್ಕೆ ಅಲ್ಲಿನ ಯಂತ್ರಗಳು ಕಾಣಲೇ ಇಲ್ಲ. ಲ್ಯಾಬ್‌ಗಳು ಬೇರೆ ಬೇರೆ ವಿಲ್ಯಾನ್‌ನಲ್ಲಿದ್ದವು, ಅಂದರೆ ನೆಟ್‌ವರ್ಕ್‌ನ ಬೇರೆ ಬೇರೆ ಪಾಲುಗಳಲ್ಲಿ. ಎರಡೂ ನ್ಯಾಟ್‌ನ ಹಿಂದಿದ್ದವು, ಅಂದರೆ ಒಳಗಿನ ಯಂತ್ರಗಳ ವಿಳಾಸ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಐಪಿ ವಿಳಾಸ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ವಿಳಾಸಗಳನ್ನು ಪಟ್ಟಿ ಮಾಡಿಟ್ಟಿದ್ದ ಕಡತ ಎರಡನೇ ದಿನಕ್ಕೇ ಹಳತಾಗಿತ್ತು.

ಅದಕ್ಕಿಂತ ದೊಡ್ಡ ಸಮಸ್ಯೆ ಕರೆಂಟ್. ಎಂಪಿಐಯಲ್ಲಿ ಒಂದು ಯಂತ್ರ ಬಿದ್ದರೆ, ಬೇರೆ ಏನೂ ಹೇಳಿಟ್ಟಿಲ್ಲದಿದ್ದರೆ, ಇಡೀ ಕೆಲಸವೇ ನಿಲ್ಲುತ್ತದೆ. ಸೂಪರ್‌ಕಂಪ್ಯೂಟರ್ ಕೋಣೆಯಲ್ಲಿ ಇದು ನಡೆಯುತ್ತದೆ. ಯುಪಿಎಸ್ ಬ್ಯಾಟರಿ ಹತ್ತು ನಿಮಿಷಕ್ಕೆ ಕೈಕೊಡುವ ಲ್ಯಾಬ್‌ನಲ್ಲಿ ನಡೆಯುವುದಿಲ್ಲ. ಯಾರೋ ವಿದ್ಯಾರ್ಥಿ ಹೋಗುವಾಗ ಒಂದು ಪಿಸಿ ಆಫ್ ಮಾಡಿದರೂ ಸಾಕಿತ್ತು.

ಪೋರ್ಟ್‌ಗಳನ್ನು ತೆರೆಸಿಕೊಳ್ಳೋಣ ಅಂತ ನೆಟ್‌ವರ್ಕ್ ನೋಡಿಕೊಳ್ಳುವವರ ಹತ್ತಿರ ಹೋದರು. ಅವರ ಉತ್ತರ ಚಿಕ್ಕದು: "ಸರ್, 80 ಮತ್ತ 443 ಬಿಟ್ಟು ಬ್ಯಾರೆ ಏನೂ ಕೇಳಬ್ಯಾಡ್ರಿ." ವೆಬ್ ಓಡಾಡುವ ಎರಡು ಬಾಗಿಲು ಮಾತ್ರ ಅಂತ ಅರ್ಥ. ಗುಂಪಿನಲ್ಲಿ ಕೆಲವರಿಗೆ ಸಿಟ್ಟು ಬಂತು. ಸಂಶೋಧನೆಗೆ ಅಡ್ಡಿ ಅಂದರು. ನನಗೆ ಅನಿಸಿದ್ದು ಬೇರೆ. ಕ್ಯಾಂಪಸ್‌ನ ಭದ್ರತೆಗೆ ಉತ್ತರ ಕೊಡಬೇಕಾದವರು ಅವರೇ. ಅವರ ಆ ಒಂದು ವಾಕ್ಯವೇ ನಮ್ಮ ವಿನ್ಯಾಸದ ಮೊದಲ ಸಾಲು ಆಗಬೇಕಿತ್ತು.

ಇದು ಹೊಸ ಕಥೆಯೂ ಅಲ್ಲ. ಒಂದು ಯಂತ್ರದಿಂದ ಇನ್ನೊಂದರಲ್ಲಿರುವ ಕಾರ್ಯಕ್ರಮವನ್ನು ಕರೆಯಲು 1996ರ ಸುಮಾರಿಗೆ ಬಂದ ಮೈಕ್ರೋಸಾಫ್ಟ್‌ನ ಡಿಕಾಮ್ ಮೊದಲು 135ನೇ ಪೋರ್ಟ್ ತಟ್ಟಿ, ಆಮೇಲೆ ಸಾವಿರಾರು ಪೋರ್ಟ್‌ಗಳಲ್ಲಿ ಯಾವುದಾದರೊಂದನ್ನು ಕೇಳುತ್ತಿತ್ತು. ಅದೇ ಉದ್ದೇಶದ ಕೋರ್ಬಾದಲ್ಲಿ ದೂರದ ಕಾರ್ಯಕ್ರಮದ ಉಲ್ಲೇಖದೊಳಗೇ ಯಂತ್ರದ ವಿಳಾಸ ಬರೆದಿರುತ್ತಿತ್ತು. ಯಂತ್ರ ನ್ಯಾಟ್‌ನ ಹಿಂದಿದ್ದರೆ ಹೊರಗಿನವರಿಗೆ ಆ ವಿಳಾಸದಿಂದ ಉಪಯೋಗವಿಲ್ಲ. ಎರಡೂ ಒಂದೇ ಸಂಸ್ಥೆಯ ಗೋಡೆಯೊಳಗೆ ಚೆನ್ನಾಗಿ ನಡೆದು, ಗೋಡೆ ದಾಟುವಾಗ ಒದ್ದಾಡಿದವು. ಇದೇ ಕೆಲಸವನ್ನು ವೆಬ್ ಮೂಲಕ ಮಾಡುವ 1998ರ ಎಕ್ಸ್‌ಎಂಎಲ್-ಆರ್‌ಪಿಸಿ, ಅದರ ಬೆನ್ನಿಗೆ ಸೋಪ್ ಬಂದಾಗ ಜನ ಅತ್ತ ವಾಲಿದ್ದಕ್ಕೆ ಮುಖ್ಯ ಕಾರಣ, ಅವು ವೆಬ್‌ಗೆ ಈಗಾಗಲೇ ತೆರೆದಿದ್ದ ಬಾಗಿಲಿನಿಂದಲೇ ಹೋಗುತ್ತಿದ್ದವು ಅನ್ನುವುದು. ಆದರೆ ಸೋಪ್ ವೆಬ್‌ನ ಸಂವಹನ ನಿಯಮವಾದ ಎಚ್‌ಟಿಟಿಪಿಯನ್ನು ಬರೀ ಸಾಗಾಣಿಕೆಗೆ ಬಳಸಿತು. ಎಲ್ಲ ಕೋರಿಕೆಯೂ ಪೋಸ್ಟ್ (ಏನಾದರೂ ಮಾಡಿಸುವುದು), ಎಲ್ಲವೂ ಒಂದೇ ವಿಳಾಸ. ಗೆಟ್ (ನೋಡುವುದು) ಅಂದರೇನು, ಪುಟ್ (ಹೇಳಿದ ಜಾಗದಲ್ಲಿ ಇಡುವುದು) ಅಂದರೇನು, ಕ್ಯಾಶ್ (ಪ್ರತಿ ಇಟ್ಟುಕೊಳ್ಳುವ ಜಾಗ) ಏಕಿದೆ ಅನ್ನುವುದನ್ನು ಪಕ್ಕಕ್ಕಿಟ್ಟಿತು. ಈ ವ್ಯತ್ಯಾಸ ಮುಂದೆ ನಮ್ಮ ಕೆಲಸದಲ್ಲಿ ದೊಡ್ಡದಾಗಿ ಎದುರಾಯಿತು.

ಬೋಯಿಂಕ್ ಏಕೆ ಬೇಡವಾಯಿತು

ಇಂಥ ಕೆಲಸಕ್ಕೆ ಮೊದಲು ನೆನಪಾಗುವುದು ಬೋಯಿಂಕ್. 1999ರಲ್ಲಿ ಶುರುವಾದ, ಅನ್ಯಗ್ರಹ ಜೀವಿಗಳ ಸಂಕೇತ ಹುಡುಕುವ ಸೆಟಿ@ಹೋಮ್‌ನ ಅನುಭವದಿಂದ ಬರ್ಕ್ಲಿಯಲ್ಲಿ ಹುಟ್ಟಿದ ವ್ಯವಸ್ಥೆ ಅದು. ಅದೂ ವೆಬ್ ಮೇಲೇ ನಿಂತಿದೆ. ಸರ್ವರ್ ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲ. ಮನೆಮನೆಯ ಯಂತ್ರಗಳೇ ಎಚ್‌ಟಿಟಿಪಿಯಲ್ಲಿ ಬಂದು ಕೆಲಸ ಕೇಳುತ್ತವೆ, ಉತ್ತರ ಒಪ್ಪಿಸುತ್ತವೆ. ಗಡುವಿನೊಳಗೆ ಬಾರದ ಕೆಲಸ ಬೇರೆಯವರಿಗೆ ಹೋಗುತ್ತದೆ. ಒಂದೇ ಕೆಲಸವನ್ನು ಇಬ್ಬರಿಗೆ ಕೊಟ್ಟು ಉತ್ತರ ತಾಳೆ ನೋಡುತ್ತಾರೆ.

ಈ ಮೂರು ವಿಚಾರಗಳನ್ನೂ ನಾವು ಹಾಗೇ ತೆಗೆದುಕೊಂಡೆವು. ಬೋಯಿಂಕ್ ಅನ್ನೇ ಹಾಕಲು ಆಗಲಿಲ್ಲ. ಲ್ಯಾಬ್ ಇನ್‌ಚಾರ್ಜ್ ಒಪ್ಪಲಿಲ್ಲ. ಎಲ್ಲ ಯಂತ್ರಗಳಲ್ಲೂ ಡೀಪ್ ಫ್ರೀಜ್ ಇತ್ತು. ರೀಸ್ಟಾರ್ಟ್ ಮಾಡಿದರೆ ಡಿಸ್ಕ್ ಮೊದಲಿನ ಸ್ಥಿತಿಗೇ ಮರಳುತ್ತದೆ, ಆಮೇಲೆ ಹಾಕಿದ್ದೆಲ್ಲ ಮಾಯ. ಹೊಸದೇನಾದರೂ ಹಾಕಬೇಕೆಂದರೆ ಪ್ರತಿ ಯಂತ್ರವನ್ನೂ ಬಿಡಿಸಿ, ಹಾಕಿ, ಮತ್ತೆ ಬಿಗಿಯಬೇಕು. ಅದೂ ಆನ್‌ಲೈನ್ ಪರೀಕ್ಷೆ ನಡೆಯುವ ಯಂತ್ರಗಳಲ್ಲಿ. ನಾಳೆ ಪರೀಕ್ಷೆಯ ದಿನ ಏನಾದರೂ ಕೆಟ್ಟರೆ ಮೊದಲು ಕೇಳುವುದು ಅವರನ್ನೇ, ಅಲ್ವಾ?

"ಏನೂ ಇನ್‌ಸ್ಟಾಲ್ ಮಾಡಬ್ಯಾಡ್ರಿ. ಬ್ರೌಸರ್‌ನ್ಯಾಗ ಏನರ ಮಾಡೂದಿದ್ರ ಮಾಡ್ಕೋರಿ," ಅಂದರು ಅವರು. ನಿರಾಕರಣೆಯ ಜೊತೆಗೆ ಬಂದ ಈ ಮಾತೇ ತಿರುವಾಯಿತು. ಬ್ರೌಸರ್‌ನ ಒಂದು ಟ್ಯಾಬ್‌ನಲ್ಲೇ ಮಾದರಿ ಓಡಿಸಬಹುದಲ್ಲ ಅನ್ನುವ ಯೋಚನೆ ಆ ಸಂಜೆ ಶುರುವಾಯಿತು.

ಟ್ಯಾಬ್ ಒಳಗೆ ಫೋರ್ಟ್ರಾನ್

ಬ್ರೌಸರ್‌ನೊಳಗೆ ನಿಜವಾದ ಲೆಕ್ಕ ಮಾಡಿಸುವ ದಾರಿ ವೆಬ್‌ಅಸೆಂಬ್ಲಿ, ಅಂದರೆ ಬೇರೆ ಭಾಷೆಯ ಕೋಡನ್ನು ಬ್ರೌಸರ್ ಓಡಿಸಬಲ್ಲಂತೆ ಇಳಿಸಿದ ರೂಪ. 2017ಕ್ಕೆ ನಾಲ್ಕೂ ದೊಡ್ಡ ಬ್ರೌಸರ್‌ಗಳಿಗೆ ಬಂತು, 2019ರ ಡಿಸೆಂಬರಿನಲ್ಲಿ ವೆಬ್‌ನ ನಿಯಮ ರೂಪಿಸುವ ಡಬ್ಲ್ಯೂ3ಸಿಯ ಮಾನದಂಡವಾಯಿತು. ಸಿ ಭಾಷೆಯ ಕೋಡನ್ನು ಎಮ್‌ಸ್ಕ್ರಿಪ್ಟನ್ ಅನ್ನುವ ಉಪಕರಣ ಸುಲಭವಾಗಿ ಅದಕ್ಕೆ ಇಳಿಸುತ್ತದೆ. ಫೋರ್ಟ್ರಾನ್‌ಗೆ ಅಂಥ ಸಲೀಸು ದಾರಿ ಇರಲಿಲ್ಲ. ಆ ವಿದ್ಯಾರ್ಥಿ ಎಫ್2ಸಿ ಅನ್ನುವ ಹಳೇ ಉಪಕರಣ ಹುಡುಕಿ ತೆಗೆದ. ಫೋರ್ಟ್ರಾನ್ 77 ಅನ್ನು ಸಿಗೆ ತಿರುಗಿಸುತ್ತದೆ. ಹುಟ್ಟುವ ಸಿ ಕೋಡ್ ನೋಡಲು ಚೆಂದವಿರಲಿಲ್ಲ. ಆದರೆ ಓಡಿತು. ಮಾದರಿ ಹಳೆಯದಾಗಿದ್ದದ್ದೇ ಇಲ್ಲಿ ಅನುಕೂಲವಾಯಿತು. ಫೋರ್ಟ್ರಾನ್ 90ರಲ್ಲಿದ್ದಿದ್ದರೆ ಎಫ್2ಸಿ ಕೈಯೆತ್ತುತ್ತಿತ್ತು.

ವೇಗದ ಬಗ್ಗೆ ಒಂದು ಸಭೆಯೇ ನಡೆಯಿತು. 2019ರ ಒಂದು ಅಧ್ಯಯನದಲ್ಲಿ ವೆಬ್‌ಅಸೆಂಬ್ಲಿ ಕಾರ್ಯಕ್ರಮಗಳು ನೇರ ಓಟಕ್ಕಿಂತ ಸರಾಸರಿ ಫೈರ್‌ಫಾಕ್ಸ್‌ನಲ್ಲಿ ಶೇ 45, ಕ್ರೋಮ್‌ನಲ್ಲಿ ಶೇ 55ರಷ್ಟು ನಿಧಾನ ಅಂತ ಕಂಡಿತ್ತು. ಪ್ರಾಧ್ಯಾಪಕರು ಅಂದದ್ದು ಇಷ್ಟು: "ಖಾಲಿ ಕೂತಿರೋ ಯಂತ್ರ ಅರ್ಧ ವೇಗದಲ್ಲಿ ಓಡಿದರೂ ಅದು ಲಾಭವೇ." ಚರ್ಚೆ ಅಲ್ಲಿಗೆ ಮುಗಿಯಿತು. ಸರಿಯಾದ ನಿರ್ಧಾರ ಅಂತ ನನಗೆ ಈಗಲೂ ಅನಿಸುತ್ತದೆ. ವೇಗದ ಅಂಕಿ ನೋಡಿ ಹಿಂದೆ ಸರಿದಿದ್ದರೆ ಆ ಯಂತ್ರಗಳು ಆ ವರ್ಷವೆಲ್ಲ ಹಾಗೇ ಖಾಲಿ ಕೂತಿರುತ್ತಿದ್ದವು.

ಕೆಲವು ಲ್ಯಾಬ್‌ಗಳು ಇನ್ನೂ ವಿಂಡೋಸ್ 7ರಲ್ಲಿದ್ದವು. ಅದಕ್ಕೆ ಸಿಗುವ ಕೊನೇ ಕ್ರೋಮ್ 109. ಆದ್ದರಿಂದ 109ರಲ್ಲಿ ಇಲ್ಲದ್ದನ್ನು ಯಾವುದನ್ನೂ ಬಳಸಬಾರದು ಅಂತ ಗೆರೆ ಎಳೆದೆವು.

ಸರ್ವರ್‌ನಲ್ಲಿ ಏನಿತ್ತು

ಬಹಳ ಕಡಿಮೆ. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಒಂದು ಟೇಬಲ್, ನಡುವೆ ಚಿಕ್ಕದೊಂದು ಪೈಥಾನ್ ಕಾರ್ಯಕ್ರಮ. ಟ್ಯಾಬ್ ಬಂದು ಕೆಲಸ ಕೇಳುತ್ತದೆ. ಗ್ರಂಥಾಲಯದ ಪುಸ್ತಕದ ಹಾಗೆ ಕೆಲಸವನ್ನು ಅವಧಿಗೆ ಕೊಡುತ್ತೇವೆ. ಇಪ್ಪತ್ತು ನಿಮಿಷದಲ್ಲಿ ಉತ್ತರವೂ ಇಲ್ಲ, "ಇನ್ನೂ ಮಾಡ್ತಿದ್ದೇನೆ" ಅನ್ನುವ ಸುದ್ದಿಯೂ ಇಲ್ಲ ಅಂದರೆ ಕೆಲಸ ವಾಪಸ್ ಸಾಲಿಗೆ. ಎರಡು ಟ್ಯಾಬ್‌ಗಳಿಗೆ ಟೇಬಲ್‌ನ ಒಂದೇ ನಮೂದು ಸಿಗದಂತೆ ನೋಡಿಕೊಳ್ಳಲು, ಆಗಲೇ ಹಿಡಿದಿರುವುದನ್ನು ಬಿಟ್ಟು ಮುಂದಿನದನ್ನು ಕೊಡುವ ಪೋಸ್ಟ್‌ಗ್ರೆಸ್‌ನ ಸ್ಕಿಪ್ ಲಾಕ್ಡ್ ಸೌಲಭ್ಯ ಸಾಕಾಯಿತು. ಬೇರೆ ಸಂದೇಶ ಸರತಿ ತಂತ್ರಾಂಶ ಬೇಕಾಗಲಿಲ್ಲ.

ಯಾವ ಟ್ಯಾಬ್ ಬದುಕಿದೆ, ಯಾವುದು ಸತ್ತಿದೆ ಅನ್ನುವ ಪಟ್ಟಿಯನ್ನು ಸರ್ವರ್ ಇಟ್ಟುಕೊಳ್ಳಲಿಲ್ಲ. ಕರೆಂಟ್ ಹೋಗಿ ಅರ್ಧ ಲ್ಯಾಬ್ ಆರಿದರೂ ಸರ್ವರ್‌ಗೆ ಅದು ಸುದ್ದಿಯೇ ಅಲ್ಲ. ಅವಧಿ ಮುಗಿದ ಕೆಲಸಗಳು ತಾವಾಗಿಯೇ ಸಾಲಿಗೆ ಬರುತ್ತವೆ. ಎಂಪಿಐ ಎಡವಿದ ಜಾಗ ಇದೇ. ಇಲ್ಲಿ ಅದು ಘಟನೆಯೇ ಆಗಲಿಲ್ಲ.

ಇಡೀ ಲ್ಯಾಬ್ ಒಂದೇ ಕೆಲಸ ಮಾಡಿದ ಬೆಳಗ್ಗೆ

ಮೊದಲ ಆವೃತ್ತಿಯಲ್ಲಿ ಕೆಲಸ ಕೇಳುವುದು ಗೆಟ್ ಕೋರಿಕೆಯಾಗಿತ್ತು. "ಮುಂದಿನದು" ಅನ್ನುವ ವಿಳಾಸಕ್ಕೆ ಗೆಟ್ ಕಳಿಸಿದರೆ ಮುಂದಿನ ಕೆಲಸ ಬರುತ್ತದೆ. ಬರೆಯಲು ಸುಲಭ, ಬ್ರೌಸರ್‌ನಲ್ಲಿ ಟೈಪ್ ಮಾಡಿ ನೋಡಲೂ ಸುಲಭ. ಸರ್ವರ್ ಇದ್ದ ಕೋಣೆಯ ಪರೀಕ್ಷೆಯಲ್ಲಿ ಏನೂ ತೊಂದರೆ ಕಾಣಲಿಲ್ಲ.

ದೊಡ್ಡ ಲ್ಯಾಬ್‌ಗೆ ಹೋದ ದಿನ ವಿಚಿತ್ರ ಕಂಡಿತು. ಟ್ಯಾಬ್‌ಗಳೆಲ್ಲ ಓಡುತ್ತಿವೆ, ಫ್ಯಾನ್‌ಗಳು ಗುಂಯ್ ಅನ್ನುತ್ತಿವೆ, ಸರ್ವರ್‌ನಲ್ಲಿ ಮುಗಿದ ಕೆಲಸ ಮಾತ್ರ ಒಂದು. ದೋಷ ಸಂದೇಶ ಎಲ್ಲೂ ಇಲ್ಲ. ಲಾಗ್ ತೆಗೆದು ನೋಡಿದರೆ "ಮುಂದಿನದು" ಅಂತ ಬಂದ ಕೋರಿಕೆ ಒಂದೇ. ಒಪ್ಪಿಸಿದ ಉತ್ತರಗಳು ಮಾತ್ರ ಲ್ಯಾಬ್‌ನಲ್ಲಿ ಎಷ್ಟು ಯಂತ್ರಗಳಿದ್ದವೋ ಅಷ್ಟು, ಎಲ್ಲವೂ ಅದೇ ಕೆಲಸಕ್ಕೆ.

ನಡುವೆ ಸ್ಕ್ವಿಡ್ ಕೂತಿತ್ತು, ಪುಟಗಳ ಪ್ರತಿ ಇಟ್ಟುಕೊಂಡು ಹಂಚುವ ಮಧ್ಯವರ್ತಿ (ಪ್ರಾಕ್ಸಿ) ತಂತ್ರಾಂಶ. ಲ್ಯಾಬ್‌ನ ವೆಬ್ ಸಂಚಾರವೆಲ್ಲ ಆ ಪ್ರಾಕ್ಸಿಯ ಮೂಲಕವೇ ಹೋಗುತ್ತಿತ್ತು. ಇಂಟರ್ನೆಟ್ ಉಳಿಸಲು ನೆಟ್‌ವರ್ಕ್‌ನವರು ಅದರ ಕನಿಷ್ಠ ತಾಜಾತನದ ಅವಧಿಯನ್ನು ಸೊನ್ನೆಯಿಂದ ಮೇಲಕ್ಕೆ ಏರಿಸಿದ್ದರು. ಹಾಗೆ ಮಾಡಿದರೆ, ತನ್ನ ಅವಧಿ ಎಷ್ಟು ಅಂತ ಹೇಳದ ಪ್ರತಿ ಪುಟವನ್ನೂ ಪ್ರಾಕ್ಸಿ ಇಟ್ಟುಕೊಂಡು ಮತ್ತೆ ಮತ್ತೆ ಕೊಡುತ್ತದೆ. ಸ್ಕ್ವಿಡ್‌ನ ಕೈಪಿಡಿಯೇ ಈ ಬಗ್ಗೆ ಎಚ್ಚರಿಸುತ್ತದೆ. ವಿಳಾಸದಲ್ಲಿ ಪ್ರಶ್ನೆ ಚಿಹ್ನೆ ಇದ್ದಿದ್ದರೆ ಅದರ ಮಾಮೂಲಿ ನಿಯಮ ನಮ್ಮನ್ನು ಉಳಿಸುತ್ತಿತ್ತು. ನಮ್ಮ ವಿಳಾಸ ಅಚ್ಚುಕಟ್ಟಾಗಿತ್ತು, ಪ್ರಶ್ನೆ ಚಿಹ್ನೆ ಇರಲಿಲ್ಲ. ಮೊದಲ ಟ್ಯಾಬ್‌ಗೆ ಬಂದ ಕೆಲಸವೇ ಎಲ್ಲರಿಗೂ ಹೋಯಿತು. ಉತ್ತರ ಒಪ್ಪಿಸುವುದು ಪುಟ್ ಆಗಿದ್ದರಿಂದ ಒಂದರ ಮೇಲೊಂದು ಅದೇ ಜಾಗಕ್ಕೆ ಅದೇ ಉತ್ತರ ಬರೆದುಕೊಂಡು ಹೋದವು. ದೂರು ಬರಲು ಕಾರಣವೇ ಇರಲಿಲ್ಲ.

ಈಗ ಏನು ಮಾಡುವುದು? ಒಬ್ಬರು ಪ್ರಾಕ್ಸಿ ತಪ್ಪಿಸಿ ನೇರ ದಾರಿ ಕೇಳೋಣ ಅಂದರು. ಇನ್ನೊಬ್ಬರು ಸ್ಕ್ವಿಡ್ ಸಂಯೋಜನೆ ಸರಿಮಾಡಿಸೋಣ ಅಂದರು. ಎರಡೂ ಮಾಡಲಿಲ್ಲ. ಎಚ್‌ಟಿಟಿಪಿಯ ನಿಯಮದ ಪ್ರಕಾರ ಗೆಟ್ ಅಂದರೆ ನೋಡುವುದು, ಅದರಿಂದ ಸರ್ವರ್‌ನಲ್ಲಿ ಏನೂ ಬದಲಾಗಬಾರದು. ನಾವು ಗೆಟ್ ಹೆಸರಿನಲ್ಲಿ ಕೆಲಸ ಎತ್ತಿಕೊಂಡು ಹೋಗುತ್ತಿದ್ದೆವು. ಪ್ರಾಕ್ಸಿಯ ಸಂಯೋಜನೆ ಅತಿಯಾಗಿತ್ತು, ನಿಜ. ಆದರೆ ಅಂಥ ಪ್ರಾಕ್ಸಿ ಮುಂದಿನ ಕ್ಯಾಂಪಸ್‌ನಲ್ಲೂ ಇರುತ್ತದೆ. ಕೆಲಸ ಕೇಳುವುದನ್ನು ಪೋಸ್ಟ್ ಮಾಡಿದೆವು, ಉತ್ತರಕ್ಕೆ "ಇಟ್ಟುಕೊಳ್ಳಬೇಡ" ಅನ್ನುವ ಹೆಡರ್, ಅಂದರೆ ತಲೆಚೀಟಿ, ಹಾಕಿದೆವು. ಸಮಸ್ಯೆ ಹೋಯಿತು.

ಪೋಸ್ಟ್‌ನ ಉತ್ತರ ದಾರಿಯಲ್ಲಿ ಕಳೆದುಹೋದರೆ? ಆ ಕೆಲಸ ಯಾರ ಕೈಯಲ್ಲೂ ಇಲ್ಲದೆ ಇಪ್ಪತ್ತು ನಿಮಿಷ ಅನಾಥ. ಆಮೇಲೆ ತಾನೇ ಸಾಲಿಗೆ ಬರುತ್ತದೆ. ಅಷ್ಟು ನಷ್ಟ ಒಪ್ಪಿಗೆಯೇ. ಉತ್ತರ ಒಪ್ಪಿಸುವ ಪುಟ್ ಕಳೆದುಹೋದರೆ ಟ್ಯಾಬ್ ಮತ್ತೆ ಕಳಿಸುತ್ತದೆ. ಎಷ್ಟು ಸಲ ಕಳಿಸಿದರೂ ಫಲ ಒಂದೇ. ಯಾವ ಕೋರಿಕೆಯನ್ನು ಹೆದರದೆ ಮತ್ತೆ ಕಳಿಸಬಹುದು, ಯಾವುದನ್ನು ಕಳಿಸಬಾರದು ಅನ್ನುವುದು ವೆಬ್‌ನ ನಿಯಮಗಳಲ್ಲಿ ಮೊದಲೇ ಬರೆದಿದೆ. ಅದನ್ನು ನಾವು ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ. ಪಾಲಿಸಬೇಕಾಗಿತ್ತು ಅಷ್ಟೇ.

ಅದೇ ಪ್ರಾಕ್ಸಿ ಉಪಕಾರಿಯಾದದ್ದು

ಡೀಪ್ ಫ್ರೀಜ್‌ನಿಂದಾಗಿ ಬ್ರೌಸರ್‌ನ ಕ್ಯಾಶ್ ದಿನವೂ ಅಳಿಸಿಹೋಗುತ್ತಿತ್ತು. ಪ್ರತಿ ಸಂಜೆ ಪ್ರತಿ ಯಂತ್ರವೂ ಮಳೆಯ ದತ್ತಾಂಶವನ್ನು ಮೊದಲಿನಿಂದ ಇಳಿಸಿಕೊಳ್ಳಬೇಕು. ಒಂದೇ ಹೊತ್ತಿಗೆ ಟ್ಯಾಬ್ ತೆರೆದರೆ ಸರ್ವರ್‌ನ ಹಾದಿ ಕಟ್ಟಿಕೊಳ್ಳುತ್ತಿತ್ತು.

ರೀಸ್ಟಾರ್ಟ್‌ಗೆ ಅಳಿಸದ ಒಂದೇ ಕ್ಯಾಶ್ ಕ್ಯಾಂಪಸ್‌ನಲ್ಲಿ ಇತ್ತು, ಆ ಸ್ಕ್ವಿಡ್. ಮಳೆಯ ಕಡತಗಳ ಹೆಸರಿನಲ್ಲೇ ಅವುಗಳ ಹ್ಯಾಶ್, ಅಂದರೆ ಒಳಗಿನದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ, ಸೇರಿಸಿದೆವು. ಒಳಗಿನದು ಬದಲಾದರೆ ಹೆಸರೂ ಬದಲಾಗುತ್ತದೆ, ಹಳೇ ಹೆಸರಿನ ಕಡತ ಯಾವತ್ತೂ ಹಳತಾಗುವುದಿಲ್ಲ. ಹಾಗಾಗಿ "ಒಂದು ವರ್ಷ ಇಟ್ಟುಕೋ" ಅಂತ ಧೈರ್ಯವಾಗಿ ಹೇಳಬಹುದು. ಆದರೂ ಮೊದಲ ಸಲ ಪ್ರಾಕ್ಸಿ ಏನೂ ಇಟ್ಟುಕೊಳ್ಳಲಿಲ್ಲ. ಸ್ಕ್ವಿಡ್ ಮಾಮೂಲಿಯಾಗಿ 4 ಎಂಬಿಗಿಂತ ದೊಡ್ಡ ವಸ್ತುವನ್ನು ಡಿಸ್ಕ್‌ನಲ್ಲಿ ಇಡುವುದಿಲ್ಲ. ದತ್ತಾಂಶವನ್ನು ದಶಕಕ್ಕೊಂದು ತುಂಡಾಗಿ ಒಡೆದು ಆ ಮಿತಿಯ ಕೆಳಗೆ ತಂದೆವು. ಮುಂದೆ ಪ್ರತಿ ಲ್ಯಾಬ್‌ನಿಂದ ಸರ್ವರ್‌ಗೆ ಬರುತ್ತಿದ್ದದ್ದು ಕೆಲಸದ ಚೀಟಿ ಮತ್ತು ಉತ್ತರ ಮಾತ್ರ. ನೆಟ್‌ವರ್ಕ್‌ನವರಿಂದ ಇದಕ್ಕಾಗಿ ಒಂದು ಅಕ್ಷರದ ಬದಲಾವಣೆಯನ್ನೂ ಕೇಳಬೇಕಾಗಲಿಲ್ಲ. ಮೊದಲ ಸಲ ನಮ್ಮ ಮೇಲೆ ಅವರಿಗೆ ನಂಬಿಕೆ ಬಂದದ್ದು ಇಲ್ಲೇ ಅಂತ ನನ್ನ ಅಂದಾಜು.

ಇದೆಲ್ಲ ಕ್ಯಾಂಪಸ್‌ನೊಳಗೆ ಎಚ್‌ಟಿಟಿಪಿಯಲ್ಲಿ, ಗೂಢಲಿಪಿ ಇಲ್ಲದೆ ನಡೆಯುತ್ತಿತ್ತು ಅನ್ನುವುದನ್ನು ಹೇಳಬೇಕು. ಮಳೆಯ ಅಂಕಿಯಲ್ಲಿ ಗುಟ್ಟೇನೂ ಇಲ್ಲ, ಎಚ್‌ಟಿಟಿಪಿಎಸ್ ಆದರೆ ಪ್ರಾಕ್ಸಿಗೆ ಒಳಗಿನದು ಕಾಣುವುದಿಲ್ಲ, ಕ್ಯಾಶ್ ಆಗುವುದಿಲ್ಲ. ಅದಕ್ಕೆ ಬೆಲೆಯೂ ಇತ್ತು. ಸುರಕ್ಷಿತವಲ್ಲದ ಪುಟಕ್ಕೆ ಬ್ರೌಸರ್ ತನ್ನ ಹ್ಯಾಶ್ ಲೆಕ್ಕದ ಸೌಲಭ್ಯವನ್ನು ಕೊಡುವುದಿಲ್ಲ. ಹ್ಯಾಶ್ ತಾಳೆ ನೋಡಲು ಟ್ಯಾಬ್‌ಗೆ ಬೇಕಾದ ಎಸ್‌ಎಚ್‌ಎ-256 ಲೆಕ್ಕವನ್ನು ಮಾದರಿಯ ಜೊತೆಗೇ ವೆಬ್‌ಅಸೆಂಬ್ಲಿಗೆ ಇಳಿಸಿಕೊಳ್ಳಬೇಕಾಯಿತು.

"ಇದು ಬಿಟ್‌ಕಾಯಿನ್ ಅಲ್ಲೇನ್ರಿ?"

ಒಂದು ಲ್ಯಾಬ್‌ನಲ್ಲಿ ಆಂಟಿವೈರಸ್ ನಮ್ಮ ಪುಟವನ್ನು ಮೈನಿಂಗ್ (ಲೆಕ್ಕ ಮಾಡಿ ಡಿಜಿಟಲ್ ಹಣ ಗಳಿಸುವುದು) ಅಂತ ತಡೆಯಿತು. ಅದರ ಗುಮಾನಿಗೆ ಕಾರಣವಿದೆ. 2017ರಿಂದ 2019ರವರೆಗೆ ಕಾಯಿನ್‌ಹೈವ್ ಅನ್ನುವ ಸ್ಕ್ರಿಪ್ಟ್ ಎಷ್ಟೋ ತಾಣಗಳಲ್ಲಿ ನೋಡುಗರಿಗೆ ಹೇಳದೆ ಅವರ ಪ್ರೊಸೆಸರ್ ಬಳಸಿ ಮೊನೆರೊ ಅನ್ನುವ ಡಿಜಿಟಲ್ ಹಣ ಗಳಿಸುತ್ತಿತ್ತು. ಹೊರಗಿನಿಂದ ನೋಡಿದರೆ ನಮ್ಮ ಟ್ಯಾಬ್‌ಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಎರಡೂ ವೆಬ್‌ಅಸೆಂಬ್ಲಿ, ಎರಡೂ ಪ್ರೊಸೆಸರ್ ಪೂರ್ತಿ ಬಳಸುತ್ತವೆ, ಎರಡೂ ಆಗಾಗ ಸರ್ವರ್‌ಗೆ ಏನೋ ಕಳಿಸುತ್ತವೆ. ಲ್ಯಾಬ್ ಇನ್‌ಚಾರ್ಜ್ ನೇರವಾಗಿ ಕೇಳಿಯೇಬಿಟ್ಟರು: "ಇದು ಬಿಟ್‌ಕಾಯಿನ್ ಅಲ್ಲೇನ್ರಿ ಮತ್ತ?"

ಆ ಪ್ರಶ್ನೆಯನ್ನು ಪ್ರಾಧ್ಯಾಪಕರು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಪ್ರಾಂಶುಪಾಲರಿಂದ ಬರಹದಲ್ಲಿ ಅನುಮತಿ ತಂದರು. ಯಾವ ಲ್ಯಾಬ್, ಯಾವ ಹೊತ್ತು, ಯಾವ ಸಂಶೋಧನೆ ಅನ್ನುವುದೆಲ್ಲ ಅದರಲ್ಲಿತ್ತು. ಕರೆಂಟ್ ಬಿಲ್ ಯಾವ ಖಾತೆಗೆ ಅನ್ನುವುದೂ ಇತ್ತು. ಖಾಲಿ ಕೂತ ಯಂತ್ರ ಪುಕ್ಕಟೆ ಅಲ್ಲ, ಪ್ರೊಸೆಸರ್ ದುಡಿದಷ್ಟೂ ಯೂನಿಟ್ ಓಡುತ್ತದೆ. ಪುಟದಲ್ಲಿ ಏನು ಓಡುತ್ತಿದೆ ಅಂತ ಕನ್ನಡದಲ್ಲಿ ಬರೆದೆವು, ಸರಣಿಯ ಕೆರೆಗಳ ಒಂದು ಚಿತ್ರ ಹಾಕಿದೆವು, ದೊಡ್ಡ "ನಿಲ್ಲಿಸಿ" ಗುಂಡಿ ಇಟ್ಟೆವು. ವಿದ್ಯಾರ್ಥಿಗಳ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ತೆರೆಯಬಾರದು ಅಂತ ತೀರ್ಮಾನವಾಯಿತು.

80ನೇ ಪೋರ್ಟ್ ತೆರೆದಿದೆ ಅಂದ ಮಾತ್ರಕ್ಕೆ ಅದರಲ್ಲಿ ಏನನ್ನಾದರೂ ನುಗ್ಗಿಸಲು ಒಪ್ಪಿಗೆ ಸಿಕ್ಕಂತಲ್ಲ. ಸೋಪ್ ಹೊಸದಾಗಿದ್ದಾಗ, 2000ದಲ್ಲಿ, ಭದ್ರತಾ ತಜ್ಞ ಬ್ರೂಸ್ ಶ್ನೈಯರ್ ಎತ್ತಿದ ಆಕ್ಷೇಪವೂ ಇದೇ ಜಾತಿಯದು. ಫೈರ್‌ವಾಲ್ ದಾಟುವುದನ್ನೇ ಗುಣವೆಂದು ಹೊಗಳಿಕೊಳ್ಳುವುದು ಅವರಿಗೆ ಸರಿ ಕಾಣಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಆ ಅನುಮತಿ ಪತ್ರವೂ ತಂತ್ರಾಂಶದ ಒಂದು ಭಾಗವೇ.

ರಾತ್ರಿ ಕಳೆದುಹೋಗುತ್ತಿದ್ದ ಉತ್ತರಗಳು

ಕೆಲವು ವಾರ ಸಲೀಸಾಗಿ ನಡೆಯಿತು. ಆಮೇಲೆ ಒಂದು ಲ್ಯಾಬ್‌ನ ಅಂಕಿಯಲ್ಲಿ ಏನೋ ಸರಿ ಇಲ್ಲ ಅನಿಸಿತು. ಸಂಜೆ ಉತ್ತರಗಳು ಬರುತ್ತಿದ್ದವು. ರಾತ್ರಿ ಒಂದು ಹೊತ್ತು ಮೀರಿದರೆ ಅಲ್ಲಿಂದ ಏನೂ ಇಲ್ಲ, ಕೈಯಲ್ಲಿದ್ದ ಕೆಲಸಗಳ ಅವಧಿ ಸುಮ್ನೆ ಮುಗಿಯುತ್ತಿತ್ತು. ಬೆಳಗ್ಗೆ ಹೋಗಿ ನೋಡಿದರೆ ಟ್ಯಾಬ್‌ಗಳು "ಉತ್ತರ ಒಪ್ಪಿಸಲಾಗಿದೆ" ಅಂತ ತೋರಿಸುತ್ತಿದ್ದವು.

ಮೊದಲು ಬ್ರೌಸರ್ ಮೇಲೆ ಅನುಮಾನ ಬಂತು. 2021ರ ಕ್ರೋಮ್ 88ರಿಂದ, ಹಿಂದೆ ಸರಿದ ಟ್ಯಾಬ್‌ನ ಟೈಮರ್‌ಗಳು ಐದು ನಿಮಿಷದ ನಂತರ ನಿಮಿಷಕ್ಕೊಂದು ಸಲ ಮಾತ್ರ ಓಡುವ ಸಂದರ್ಭಗಳಿವೆ. ಅದಕ್ಕೇ ಲೆಕ್ಕ ಮತ್ತು ಸುದ್ದಿ ಕಳಿಸುವುದು ಎರಡನ್ನೂ ಪುಟದ ಹಿನ್ನೆಲೆಯಲ್ಲಿ ಪ್ರತ್ಯೇಕವಾಗಿ ಓಡುವ ವೆಬ್ ವರ್ಕರ್‌ಗೆ ಆಗಲೇ ಸಾಗಿಸಿದ್ದೆವು. ಹಾಗಾದರೆ ಅದಲ್ಲ.

ಕಾರಣ ಫೈರ್‌ವಾಲ್‌ನ ಲಾಗಿನ್. ಆ ಲ್ಯಾಬ್‌ನ ಸಂಚಾರ ಸರ್ವರ್ ತಲುಪುವ ಮೊದಲು ಫೈರ್‌ವಾಲ್ ದಾಟುತ್ತಿತ್ತು, ಅಲ್ಲಿ ಬಳಕೆದಾರರ ಲಾಗಿನ್ ರಾತ್ರಿ ರದ್ದಾಗುತ್ತಿತ್ತು. ರದ್ದಾದ ಮೇಲೆ ಯಾವ ಕೋರಿಕೆ ಕಳಿಸಿದರೂ ಫೈರ್‌ವಾಲ್ ತಾನೇ ಉತ್ತರ ಕೊಡುತ್ತಿತ್ತು. ಉತ್ತರ ಅಂದರೆ ಲಾಗಿನ್ ಪುಟ, ಅದರ ತಲೆಯ ಮೇಲೆ 200, ಎಲ್ಲ ಸರಿ ಅನ್ನುವ ಸಂಖ್ಯೆ. ನಮ್ಮ ಟ್ಯಾಬ್ 200 ನೋಡಿ ಉತ್ತರ ತಲುಪಿತು ಅಂದುಕೊಂಡು ಕೈಯಲ್ಲಿದ್ದದ್ದನ್ನು ಅಳಿಸುತ್ತಿತ್ತು. ಮುಂದಿನ ಕೆಲಸ ಕೇಳಿದಾಗಲೂ ಲಾಗಿನ್ ಪುಟ. ಅದನ್ನು ಕೆಲಸದ ಚೀಟಿಯಾಗಿ ಓದಲಾಗದೆ ಸುಮ್ಮನಾಗುತ್ತಿತ್ತು.

ದಾರಿಯಲ್ಲಿ ಯಾರು ಬೇಕಾದರೂ 200 ಹೇಳಬಹುದು. ಹಾಗಾಗಿ ದಾರಿಯನ್ನು ನಂಬುವುದು ಬಿಟ್ಟೆವು. ಉತ್ತರ ಸಿಕ್ಕ ಮೇಲೆ ಸರ್ವರ್ ಅದರ ಹ್ಯಾಶ್ ಲೆಕ್ಕ ಮಾಡಿ ವಾಪಸ್ ಹೇಳುತ್ತದೆ. ಟ್ಯಾಬ್ ತನ್ನ ಹ್ಯಾಶ್ ಜೊತೆ ಹೋಲಿಸಿ, ಹೊಂದಿದರೆ ಮಾತ್ರ ಅಳಿಸುತ್ತದೆ. ಇಲ್ಲದಿದ್ದರೆ ಇಟ್ಟುಕೊಂಡು ಆಮೇಲೆ ಮತ್ತೆ ಕಳಿಸುತ್ತದೆ. ಕಡತ ಇಳಿಸಿಕೊಂಡಾಗಲೂ ಹೆಸರಿನಲ್ಲಿರುವ ಹ್ಯಾಶ್‌ಗೆ ತಾಳೆಯಾಗದಿದ್ದರೆ ಬಿಸಾಡುತ್ತದೆ. ಸರಿಯಾಗಿ ತಲುಪಿತೇ ಅನ್ನುವ ಪರೀಕ್ಷೆ ಎರಡು ತುದಿಗಳಲ್ಲೇ ಆಗಬೇಕು ಅನ್ನುವ ವಾದ ನೆಟ್‌ವರ್ಕ್ ವಿನ್ಯಾಸದಲ್ಲಿ 1980ರ ದಶಕದಿಂದಲೇ ಇದೆ. ವೆಬ್ ಮೇಲೆ ಕಟ್ಟಿದ ಮಾತ್ರಕ್ಕೆ ಅದರಿಂದ ವಿನಾಯಿತಿ ಸಿಗುವುದಿಲ್ಲ.

ಕರೆಂಟ್ ಮರಳಿ ಬಂದಾಗ ಎಲ್ಲ ಟ್ಯಾಬ್‌ಗಳೂ ಒಟ್ಟಿಗೆ ಮುಗಿಬೀಳುವುದು ಇನ್ನೊಂದು ತಲೆನೋವು. ಈಗ ಆಗಲ್ಲ ಅನ್ನುವ 503 ಸಂಖ್ಯೆಯ ಜೊತೆಗೆ "ಇಷ್ಟು ಹೊತ್ತು ಬಿಟ್ಟು ಬಾ" ಅನ್ನುವ ಹೆಡರ್, ಅದರ ಮೇಲೆ ಪ್ರತಿ ಟ್ಯಾಬ್ ತಾನೇ ಆರಿಸಿಕೊಂಡ ಚಿಲ್ಲರೆ ಸೆಕೆಂಡುಗಳು. ಅಷ್ಟರಲ್ಲಿ ಮುಗಿಯಿತು.

ಉತ್ತರ ನಂಬಬಹುದೇ

ಪ್ರತಿ ಕೆಲಸವನ್ನೂ ಎರಡು ಬೇರೆ ಲ್ಯಾಬ್‌ಗಳಿಗೆ ಕೊಟ್ಟು ತಾಳೆ ನೋಡಿದೆವು. ಬೇರೆ ಯಂತ್ರ ಅಂದರೆ ಸಾಲದು. ಡೀಪ್ ಫ್ರೀಜ್ ಗುರುತನ್ನು ಅಳಿಸುವುದರಿಂದ ಅದೇ ಯಂತ್ರ ಮರುದಿನ ಹೊಸ ಹೆಸರಿನಲ್ಲಿ ಬಂದು ತನ್ನ ಉತ್ತರವನ್ನು ತಾನೇ ಅನುಮೋದಿಸಬಹುದು.

ಇಲ್ಲಿ ಹಿತವಾದ ಅಚ್ಚರಿ ಕಾದಿತ್ತು. ಯಾವ ಯಂತ್ರ, ಯಾವ ಬ್ರೌಸರ್ ಆದರೂ ಉತ್ತರಗಳು ಬೈಟ್‌ಗೆ ಬೈಟ್ ಒಂದೇ. ವೆಬ್‌ಅಸೆಂಬ್ಲಿಯಲ್ಲಿ ಕೂಡು, ಕಳೆ, ಗುಣಿಸು, ಭಾಗಿಸು, ವರ್ಗಮೂಲ ಎಲ್ಲ ದಶಮಾಂಶ ಲೆಕ್ಕದ ಮಾನದಂಡವಾದ ಐಇಇಇ 754ರ ಪ್ರಕಾರ ನಿಖರವಾಗಿ ಕಟ್ಟಿಹಾಕಿವೆ. ಆವಿಯಾಗುವಿಕೆಯ ಸೂತ್ರಕ್ಕೆ ಬೇಕಾದ ಘಾತ ಫಲನ ಎಮ್‌ಸ್ಕ್ರಿಪ್ಟನ್ ಕಟ್ಟಿದ ಕಡತದೊಳಗೇ ಬರುತ್ತದೆ, ಬ್ರೌಸರ್‌ನದಲ್ಲ. ಆದ್ದರಿಂದ ಎರಡು ಹ್ಯಾಶ್ ಹೋಲಿಸಿದರೆ ಸಾಕು.

ಪ್ರಾಧ್ಯಾಪಕರ ಯಂತ್ರದಲ್ಲಿ ಜಿಫೋರ್ಟ್ರಾನ್ ಕಂಪೈಲರ್‌ನಿಂದ ಬಂದ ಉತ್ತರ ಮಾತ್ರ ಬೇರೆ. ಅಲ್ಲಿ ಗುಣಿಸಿ ಕೂಡುವುದನ್ನು ಪ್ರೊಸೆಸರ್ ಒಂದೇ ಹೆಜ್ಜೆಯಲ್ಲಿ ಮಾಡುತ್ತಿತ್ತು, ಕೊನೇ ಅಂಕಿ ಕೂದಲೆಳೆಯಷ್ಟು ಸರಿಯುತ್ತಿತ್ತು. ಕೆರೆ ಇವತ್ತು ಕೋಡಿ ಬಿತ್ತೇ, ನಾಳೆಯೇ ಅನ್ನುವ ಅಂಚಿನಲ್ಲಿ ಅಷ್ಟು ಸಾಕು, ದಿನ ಬದಲಾಗುತ್ತದೆ. ಯಾವುದು ಸರಿ ಅಂತ ಜಗಳ ಮಾಡುವುದರಲ್ಲಿ ಅರ್ಥವಿಲ್ಲ, ಎರಡೂ ಸರಿಯೇ. ಲ್ಯಾಬ್‌ಗಳ ನಡುವೆ ಹ್ಯಾಶ್ ತಾಳೆ, ಹಳೇ ಮಾದರಿಯ ಜೊತೆ ತಿಂಗಳ ಸರಾಸರಿಯಲ್ಲಿ ಇಂತಿಷ್ಟು ವ್ಯತ್ಯಾಸಕ್ಕೆ ಅವಕಾಶ ಅಂತ ಎರಡು ಬೇರೆ ಅಳತೆ ಇಟ್ಟುಕೊಂಡರು.

ಆಮೇಲೆ

ಅಂದುಕೊಂಡಿದ್ದ ಓಟಗಳೆಲ್ಲ ಆ ಶೈಕ್ಷಣಿಕ ವರ್ಷದೊಳಗೇ ಮುಗಿದವು. ಎರಡನೇ ಕ್ಯಾಂಪಸ್ ಸೇರಿಸುವಾಗ ಮಾತ್ರ ಎಚ್‌ಟಿಟಿಪಿಎಸ್ ಬೇಕೇಬೇಕಾಯಿತು, ಯಾಕೆಂದರೆ ನಡುವೆ ಇಂಟರ್ನೆಟ್. ಅಲ್ಲಿನ ಹಳೇ ಯಂತ್ರಗಳಲ್ಲಿ ಸಿಎಂಒಎಸ್ ಬ್ಯಾಟರಿ ಸತ್ತು ಗಡಿಯಾರ ಎಷ್ಟೋ ವರ್ಷ ಹಿಂದಿತ್ತು, ಸಮಯ ಸರಿಮಾಡುವ ಎನ್‌ಟಿಪಿಯ ಪೋರ್ಟ್ ಮುಚ್ಚಿತ್ತು. ಪ್ರಮಾಣಪತ್ರ ಇನ್ನೂ ಹುಟ್ಟಿಲ್ಲ ಅಂತ ಬ್ರೌಸರ್ ನಿರಾಕರಿಸಿತು. ಲ್ಯಾಬ್ ಅಟೆಂಡರ್ ಒಂದು ಡಬ್ಬಿ ಸಿಆರ್2032 ಬ್ಯಾಟರಿ ತರಿಸಿ ಒಂದೊಂದಾಗಿ ಹಾಕಿದರು. ಇಡೀ ಯೋಜನೆಯಲ್ಲಿ ಹಾರ್ಡ್‌ವೇರ್‌ಗೆ ಅಂತ ಖರ್ಚಾದದ್ದು ಹೆಚ್ಚುಕಡಿಮೆ ಅದೊಂದೇ.

ಸುದ್ದಿ ಹರಡಿ ಮೆಕ್ಯಾನಿಕಲ್ ವಿಭಾಗದವರು ಬಂದರು. ಪೈಪಿನೊಳಗಿನ ದ್ರವದ ಹರಿವಿನ ಲೆಕ್ಕವನ್ನೂ ಇದೇ ಟ್ಯಾಬ್‌ಗಳಲ್ಲಿ ಓಡಿಸಬಹುದಾ ಅಂತ ಕೇಳಿದರು. ಆ ಲೆಕ್ಕದಲ್ಲಿ ಪ್ರತಿ ತುಂಡೂ ಪ್ರತಿ ಹೆಜ್ಜೆಗೂ ಪಕ್ಕದ ತುಂಡಿನ ಜೊತೆ ಅಂಕಿ ಬದಲಿಸಿಕೊಳ್ಳಬೇಕು. ಒಂದು ಟ್ಯಾಬ್ ಮುಚ್ಚಿದರೆ ಉಳಿದವರೆಲ್ಲ ಕಾಯಬೇಕು, ಸರ್ವರ್ ಮೂಲಕ ಹೋಗಿ ಬರುವ ಹೊತ್ತು ಲೆಕ್ಕದ ಹೊತ್ತಿಗಿಂತ ಜಾಸ್ತಿಯಾಗುತ್ತದೆ. ಅದು ಎಂಪಿಐ ಇರುವ, ಯಂತ್ರಗಳು ಒಂದಕ್ಕೊಂದು ಹತ್ತಿರ ಕೂತಿರುವ ಜಾಗದ ಕೆಲಸ. ಆಗಲ್ಲ ಅಂದೆವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಇರುವ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರ್‌ನಲ್ಲಿ ಸಮಯ ಕೇಳಿ ನೋಡಿ ಅಂತ ಹೇಳಿ, ಅರ್ಜಿಯ ಕರಡು ಬರೆಯಲು ಆ ಎಂ.ಟೆಕ್ ವಿದ್ಯಾರ್ಥಿಯನ್ನೇ ಅವರ ಜೊತೆ ಕೂರಿಸಿದೆವು.